ಉಪ್ಪು ಹಾಕದ ಕೋಸಂಬರಿ

ಕೋಸಂಬರಿ ಕಲಸುವಾಗ ನನಗೊಂದು ಕೆಟ್ಟ ಅಭ್ಯಾಸವಿದೆ. ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲವೂ ಪಾತ್ರೆಗೆ ಬಿದ್ದು, ನಿಂಬೆಹಣ್ಣು ಹಿಂಡಿದ್ದೂ ಆದ ಮೇಲೆ ಉಪ್ಪಿನ ಡಬ್ಬಿಯತ್ತ ಹೋದ ಕೈ ನಡುವೆ ನಿಂತುಬಿಡುತ್ತದೆ. ಕಣ್ಣು ತಾನಾಗಿ ಹಿತ್ತಲ ಕಡೆ ತಿರುಗುತ್ತದೆ. ತಮಾಷೆಯೆಂದರೆ ತುಮಕೂರಿನ ಈ ಮನೆಗೆ ಹಿತ್ತಲೇ ಇಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯವರ ಕಪ್ಪು ನೀರಿನ ಟ್ಯಾಂಕು ಮಾತ್ರ. ಅದನ್ನೇ ನೋಡುತ್ತಾ ನಿಂತ ನನ್ನನ್ನು ಕಂಡು ಮಗಳು, "ಏನಮ್ಮಾ, ಉಪ್ಪು ಹಾಕೋದಕ್ಕೂ ಮುಹೂರ್ತ ನೋಡ್ತೀಯಾ?" ಅನ್ನುತ್ತಾಳೆ.

ಈಚೆಗೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಖ ಗಂಟಿಕ್ಕಿ "ಉಪ್ಪು ಕಡಿಮೆ ಮಾಡಿ" ಅಂದ ಮೇಲಂತೂ ಮಗಳಿಗೆ ನನ್ನ ಈ ಅಭ್ಯಾಸ ಬಹಳ ಹಿಡಿಸಿದೆ. ಕೈ ನಿಂತದ್ದೇ ತಡ, ಡಬ್ಬಿಯನ್ನು ಎತ್ತಿ ಮೇಲಿನ ಗೂಡಿಗೆ ಇಟ್ಟುಬಿಡುತ್ತಾಳೆ. ಉಪ್ಪಿಲ್ಲದ ಕೋಸಂಬರಿಯನ್ನು ಮುಂದಿಟ್ಟುಕೊಂಡು ಕೂತರೆ ನನಗೆ ಶಿರಾ ನೆನಪಾಗುತ್ತದೆ. ಅಲ್ಲಿ ನಮ್ಮ ಮನೆಗೂ ಪಕ್ಕದ ಮನೆಯಲ್ಲಿ ನಾನು ಖಾಲಾ ಎಂದು ಕರೆಯುತ್ತಿದ್ದವರ ಮನೆಗೂ ನಡುವೆ ಇದ್ದ ಮೋಟುಗೋಡೆ ನೆನಪಾಗುತ್ತದೆ. ಆ ಗೋಡೆ ದಾಟುವಾಗ ನಮ್ಮ ಕೋಸಂಬರಿಗೆ ಉಪ್ಪಿರುತ್ತಿರಲಿಲ್ಲ.

ಈಗ ಕೋಸಂಬರಿಯನ್ನು ಯಾರು ಕೇಳುತ್ತಾರೆ ಬಿಡಿ. ಊಟಕ್ಕೆ ಕರೆದ ಕಡೆಯೆಲ್ಲ ಸಲಾಡ್ ಇಡುತ್ತಾರೆ. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ಕ್ಯಾರೆಟ್ಟನ್ನು ಪಕ್ಕದಲ್ಲಿ ಒರಗಿಸಿ, ಮೂಲಂಗಿಯಲ್ಲಿ ಹೂವು ಮಾಡಿ ಕೂರಿಸಿರುತ್ತಾರೆ. ನೋಡಲು ಲಕ್ಷಣವಾಗಿಯೇ ಇರುತ್ತದೆ. ಆದರೆ ಯಾರೂ ಅದನ್ನು ಕಲಸಿರುವುದಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ಗುರುತಿಲ್ಲದ ಪ್ರಯಾಣಿಕರ ಹಾಗೆ ಒಂದಕ್ಕೊಂದು ಮಾತಿಲ್ಲದೆ ಕೂತಿರುತ್ತವೆ. ಮೊಮ್ಮಗಳು ಒಂದು ಸೀಸೆಯಿಂದ ಬೆಳ್ಳಗೆ ಗೊಜ್ಜಿನಂಥದ್ದನ್ನು ಅದರ ಮೇಲೆ ಸುರಿದುಕೊಂಡು "ರುಚಿ ನೋಡಜ್ಜಿ" ಅಂದಳು. ನೋಡಿದೆ. ಮಗುವಿನ ಮನಸ್ಸು ನೋಯಬಾರದೆಂದು ಚೆನ್ನಾಗಿದೆ ಎಂದೂ ಹೇಳಿದೆ. ಕೈಯಿಂದ ಕಲಸಿದ್ದಕ್ಕೇ ರುಚಿ ಎಂದು ನಂಬಿದ ಕಾಲದವಳು ನಾನು. ಕೈ ಯಾರದು ಎಂಬುದೇ ದೊಡ್ಡ ಪ್ರಶ್ನೆಯಾಗಿದ್ದ ಕಾಲವೂ ಅದೇ.

ನಮ್ಮಪ್ಪ ಮಿಡ್ಲ್ ಸ್ಕೂಲ್ ಮೇಷ್ಟ್ರು. ನಾನು ಹುಟ್ಟಿದ್ದು ಅಮ್ಮನ ತವರಾದ ಚನ್ನರಾಯನದುರ್ಗದಲ್ಲಿ. ಕಣ್ಣು ಬಿಟ್ಟು ಲೋಕ ನೋಡಿದ್ದು ಮಧುಗಿರಿಯಲ್ಲಿ. ಮಧುಗಿರಿಯ ದಾಳಿಂಬೆಯ ವಿಷಯ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಅದು ನಿಮ್ಮ ದುರದೃಷ್ಟ, ಹೇಳಿ ತಿಳಿಸಲು ಬರುವುದಿಲ್ಲ. ಅಲ್ಲಿ ಅಮ್ಮ ಕೋಸಂಬರಿಗೆ ದಾಳಿಂಬೆ ಕಾಳು ಉದುರಿಸುತ್ತಿದ್ದಳು. ಹಸಿರು, ಹಳದಿ, ಬಿಳುಪಿನ ನಡುವೆ ಆ ಕೆಂಪು ಕಂಡರೆ ನಾವು ಮಕ್ಕಳು ಅನ್ನವನ್ನು ಮರೆಯುತ್ತಿದ್ದೆವು. ಅಪ್ಪ ಶಾಲೆಯಲ್ಲಿ ಹಸಿ ತರಕಾರಿಯ ಜೀವಸತ್ವಗಳ ಮೇಲೆ ಗಂಟೆಗಟ್ಟಲೆ ಪಾಠ ಮಾಡಿ ಬಂದು, ಎಲೆಯ ಮುಂದೆ ಕೂತು ಕೋಸಂಬರಿಯಲ್ಲಿನ ಹಸಿಮೆಣಸಿನಕಾಯಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಎಲೆಯಂಚಿಗೆ ಸಾಲಾಗಿ ಇಡುತ್ತಿದ್ದರು. "ಜೀವಸತ್ವ ಎಲ್ಲ ಆ ಅಂಚಲ್ಲೇ ಉಳೀತು ನೋಡಿ," ಎಂದು ಅಮ್ಮ ನಗುತ್ತಿದ್ದಳು.

ಅಪ್ಪನಿಗೆ ಶಿರಾಕ್ಕೆ ವರ್ಗವಾದ ಮೇಲೆ ಆ ನಗು ನಿಂತುಹೋಯಿತು. ಮಧುಗಿರಿಯಲ್ಲಿ ಬೀದಿ ತುಂಬ ಅಮ್ಮನ ಗೆಳತಿಯರಿದ್ದರು. ಬಾವಿಕಟ್ಟೆಗೆ ಹೋದರೆ ವಾಪಸಾಗುವುದು ಮಧ್ಯಾಹ್ನವಾಗುತ್ತಿತ್ತು. ಶಿರಾದಲ್ಲಿ ನಮಗೆ ಸಿಕ್ಕಿದ್ದು ಮಸೀದಿಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮನೆ. ಬೀದಿಯಲ್ಲೆಲ್ಲ ಸಾಬರ ಮನೆಗಳು. ಮನೆಯೊಳಗೆ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ. ಅಪ್ಪ ಶಾಲೆಗೆ ಹೋದರೆ ಅಮ್ಮನಿಗೆ ಮಾತಿಗೆ ಸಿಗುತ್ತಿದ್ದವರು ಅಜ್ಜಿ, ನಾನು ಮತ್ತು ಹಿತ್ತಲಲ್ಲಿ ಕಟ್ಟಿದ್ದ ಹಸು. ಮೂವರಲ್ಲಿ ಹಸುವೇ ವಾಸಿ ಅನ್ನಿಸುವಷ್ಟು ಅಮ್ಮ ಒಂಟಿಯಾಗಿಬಿಟ್ಟಿದ್ದಳು. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದಳು.

ಆ ಗೋಡೆಯ ಆಚೆ ಇದ್ದವರು ಖಾಲಾ. ಅವರ ಮಗಳು ನೂರಿ ನನ್ನ ಜೊತೆ ಓದುತ್ತಿದ್ದಳು. ನನ್ನಮ್ಮನನ್ನು ಅವಳು ಅಮ್ಮಾ ಅನ್ನುತ್ತಿದ್ದಳು, ಅವಳ ಚಿಕ್ಕಮ್ಮನ ಮಕ್ಕಳು ಅವಳಮ್ಮನನ್ನು ಕರೆಯುತ್ತಿದ್ದಂತೆ ನಾನು ಖಾಲಾ ಅನ್ನುತ್ತಿದ್ದೆ. ಅವರ ಯಜಮಾನರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಿಂಬೆಹುಳಿ ಬಿದ್ದರೆ ಹಿತ್ತಾಳೆ ಪಾತ್ರೆ ಕಿಲುಬು ಬಿಡುತ್ತದೆ ನೋಡಿ, ಕೋಸಂಬರಿ ಕಲಸುವ ಬೋಗುಣಿಗೆ ಕಲಾಯಿ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಹಾಗೆ ನಮ್ಮ ಬೋಗುಣಿ ಅವರ ಮನೆಗೆ ಹೋಗಿ, ಅವರ ಒಲೆಯ ಕೆಂಡದ ಮೇಲೆ ಕಾದು, ಅವರ ಕೈಯ ಬಟ್ಟೆಯಿಂದ ಉಜ್ಜಿಸಿಕೊಂಡು, ಬೆಳ್ಳಿಯ ಹಾಗೆ ಫಳಫಳಿಸಿ ಬಂದರೆ ಅಜ್ಜಿಯ ಆಕ್ಷೇಪಣೆ ಏನೂ ಇರುತ್ತಿರಲಿಲ್ಲ. ಬೆಂಕಿ ಮುಟ್ಟಿದ ಪಾತ್ರೆ ಶುದ್ಧ. ಅದೇ ಬೆಂಕಿ ಮುಟ್ಟಿದ ಅನ್ನ ಮಾತ್ರ ಆಗದು. ಇದನ್ನು ನಾನು ಒಮ್ಮೆ ಕೇಳಿದೆ. "ತಲೆಹರಟೆ ಮಾಡ್ಬೇಡ ಕಣೇ," ಎಂದು ಅಜ್ಜಿ ವಿಚಾರಣೆ ಮುಗಿಸಿದಳು.

ಅಜ್ಜಿಯ ಕಾನೂನು ಬಹಳ ಸ್ಪಷ್ಟವಾಗಿತ್ತು. ಬೇರೆಯವರ ಮನೆಯ ಬೆಂಕಿ ಕಂಡದ್ದು ಬೇಡ, ನೀರು ಕಂಡದ್ದು ಬೇಡ, ಉಪ್ಪು ಬಿದ್ದದ್ದು ಬೇಡ. ಹಸಿಯಾಗಿ ಬಂದದ್ದಕ್ಕೆ ದೋಷವಿಲ್ಲ. ಹಣ್ಣು, ಕಾಯಿ ಹೆಚ್ಚಿಕೊಟ್ಟರೂ ನಡೆಯುತ್ತದೆ. ಉಪ್ಪು ಬಿತ್ತೋ, ಅದು ಅಡುಗೆ ಎನ್ನಿಸಿಕೊಂಡಿತು, ಅಲ್ಲಿಗೆ ಮುಗಿಯಿತು. ಅಜ್ಜಿ ಕೆಟ್ಟವಳಲ್ಲ. ಖಾಲಾಗೆ ಜ್ವರ ಬಂದಾಗ ಅಮೃತಬಳ್ಳಿ ಕಿತ್ತು ಕಳಿಸಿದವಳು ಅವಳೇ. ಆದರೆ ಟೊಮ್ಯಾಟೊವನ್ನು ಕೂಡ ಬಣ್ಣ ಸರಿಯಿಲ್ಲವೆಂದು ಮನೆಯೊಳಗೆ ಬಿಟ್ಟುಕೊಳ್ಳದವಳು ಇಂಥ ವಿಷಯದಲ್ಲಿ ಸಡಿಲ ಬಿಡುವುದುಂಟೆ?

ಅಮ್ಮ ಆ ಕಾನೂನಿನ ಸಂದಿಯಲ್ಲೇ ದಾರಿ ಮಾಡಿಕೊಂಡಳು. ಬೇಸಿಗೆಯಲ್ಲಿ ಹಳ್ಳಿಯಿಂದ ರಂಗಮ್ಮ ಎಂಬಾಕೆ ಸೌತೆಕಾಯಿ ಹೊತ್ತು ತರುತ್ತಿದ್ದಳು. "ಎಳೇ ಸೌತೇಕಾಯಿ ಕಣಮ್ಮೋ, ನಳನಳ ಅಂತೈತೆ, ಮುರುದ್ ನೋಡು, ಸೆಂದಾಗಿಲ್ದಿದ್ರೆ ನನ್ ಮಕಕ್ಕೆ ಎಸೆದ್ಬುಡು!" ಎಂದು ಕೂಗುತ್ತಿದ್ದಂತೆ ಬೀದಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ಒಂದು ದಿನ ಅಮ್ಮನೂ ಖಾಲಾನೂ ಒಟ್ಟಿಗೆ ಕೊಂಡರು. ಖಾಲಾ ಗೋಡೆಯ ಮೇಲಿನಿಂದ ಅಮ್ಮ ಈಳಿಗೆಮಣೆಯಲ್ಲಿ ಹೆಚ್ಚುವುದನ್ನು ನೋಡಿ ನಕ್ಕುಬಿಟ್ಟರು. "ಏನ್ ಮೇಷ್ಟ್ರಮ್ಮಾ, ಸೌತೇಕಾಯಿ ಹೆಚ್ಚತೀರೋ, ಸೌದೆ ಒಡೀತೀರೋ? ಇಲ್ಲಿ ಕೊಡ್ರಿ."

ಖಾಲಾ ಹೆಚ್ಚುವುದನ್ನು ನೋಡಲು ಪುಣ್ಯ ಬೇಕಿತ್ತು. ಮಣೆಯಿಲ್ಲ, ಏನಿಲ್ಲ. ಸೌತೆಕಾಯಿಯನ್ನು ಎಡಗೈಯಲ್ಲಿ ನಿಲ್ಲಿಸಿಕೊಂಡು, ಪುಟ್ಟ ಚಾಕುವಿನಿಂದ ಮೇಲೆ ಕಚಕಚ ಗೀರಿ, ಅಡ್ಡ ಸವರಿದರೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಚೂರುಗಳು ಮಳೆಹನಿಯ ಹಾಗೆ ಬೋಗುಣಿಗೆ ಬೀಳುತ್ತಿದ್ದವು. ಅವರ ಮನೆಯ ಈರುಳ್ಳಿ ಸೌತೆಕಾಯಿಯ ಕಚುಂಬರಿಗೆ ಹಾಗೆಯೇ ಆಗಬೇಕಂತೆ. ಅಮ್ಮನ ಹತ್ತಿರ ಇದ್ದ ವಿದ್ಯೆ ಬೇಳೆಯದು. ಬೇಳೆ ಎಷ್ಟು ಹೊತ್ತು ನೆನೆಯಬೇಕು, ಯಾವಾಗ ನೀರು ಬಸಿಯಬೇಕು, ಹಲ್ಲಿಗೆ ಮೆತ್ತಗೂ ಆಗದೆ ಕಟುಕ್ ಅಂತಲೂ ಅನ್ನದೆ ಇರುವ ಹದ ಯಾವುದು ಎಂಬುದು ಅವಳ ಬೆರಳಿಗೇ ಗೊತ್ತಿತ್ತು.

ಅಂದಿನಿಂದ ಅದು ನಡೆಯಿತು. ಮೋಟುಗೋಡೆಯ ಮೇಲೆ ಒಂದು ಚಪ್ಪಡಿಕಲ್ಲಿತ್ತು. ಅಮ್ಮ ನೆನೆದ ಬೇಳೆ, ತೆಂಗಿನತುರಿಯನ್ನು ಎರಡು ಪಾಲು ಮಾಡಿ ಒಂದನ್ನು ಆ ಕಲ್ಲಿನ ಮೇಲೆ ಇಡುತ್ತಿದ್ದಳು. ಖಾಲಾ ಸೌತೆಕಾಯಿ ಹೆಚ್ಚಿ ಎರಡು ಪಾಲು ಮಾಡಿ ಒಂದನ್ನು ಇಡುತ್ತಿದ್ದರು. ಕಡಲೆಕಾಯಿ ಕೀಳುವ ಕಾಲದಲ್ಲಿ ಎಳೆಯ ಹಸಿ ಬೀಜವೂ ಬರುತ್ತಿತ್ತು. ಈಚೆ ನಾವು ಉಪ್ಪು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಡುತ್ತಿದ್ದೆವು. ಆಚೆ ಅವರು ಉಪ್ಪು ಹಾಕಿ, ಈರುಳ್ಳಿ ಬೆರೆಸುತ್ತಿದ್ದರು. ಎರಡೂ ಮನೆಯಲ್ಲಿ ಒಂದೇ ಊಟ, ಕಡೆಯ ಘಳಿಗೆಯ ತನಕ. ಅಮ್ಮ ಮತ್ತೆ ನಗಲು ಶುರುಮಾಡಿದಳು. ಬೋಗುಣಿ ಸಾಗಿಸುವ ನೆಪದಲ್ಲಿ ಗೋಡೆಯ ಎರಡೂ ಬದಿಯಲ್ಲಿ ನಿಂತು ಅವರಿಬ್ಬರೂ ಆಡದ ಮಾತಿಲ್ಲ. ಕೆಲವು ಮಾತಿಗೆ ನನ್ನನ್ನು "ಹೋಗೇ ಪದ್ದಿ, ಹಸುಗೆ ಹುಲ್ಲು ಹಾಕು" ಎಂದು ಓಡಿಸುತ್ತಿದ್ದರು.

ಉಪ್ಪು ಏಕೆ ಬೇಡ ಎಂಬುದಕ್ಕೆ ಅಮ್ಮ ಖಾಲಾಗೆ ಹೇಳಿದ್ದ ಕಾರಣ ಬೇರೆಯೇ. "ಮೊದಲೇ ಉಪ್ಪು ಹಾಕಿದ್ರೆ ನೀರು ಬಿಟ್ಕೊಳ್ಳುತ್ತೆ ಬೀಬಮ್ಮನೋರೇ, ಹಾಕ್ಬೇಡಿ." ಸುಳ್ಳೇನಲ್ಲ. ಸೌತೆಕಾಯಿಯ ಗುಣವೇ ಅದು. ಆದರೆ ನಿಜವೂ ಅದಲ್ಲ. ಖಾಲಾಗೆ ತಿಳಿಯದಿರುತ್ತದೆಯೇ?

"ಈ ಗೋಡೆ ದಾಟೋದ್ರಾಗೆ ನೀರ್ ಬಿಡ್ತೈತಾ? ಬಹುತ್ ನಾಜೂಕ್ ಐತೆ ನಿಮ್ ಸೌತೇಕಾಯಿ," ಎಂದು ನಕ್ಕರು. ನಕ್ಕ ಮೇಲೆ ಅಂದರು: "ಒಂದ್ ದಫಾ ನಮ್ ಮನೇದು ನಮಕ್ ಹಾಕಿದ್ದು ತಿನ್ರಿ ಮೇಷ್ಟ್ರಮ್ಮಾ. ನನ್ ಚಾಕು ರುಚಿ ಮಾತ್ರ ಗೊತ್ತು ನಿಮಗೆ, ಕೈ ರುಚಿ ಗೊತ್ತೇ ಇಲ್ಲ."

"ತಿಂತೀನಿ. ಇನ್ನೊಂದಿನ ತಿಂತೀನಿ," ಅಂದಳು ಅಮ್ಮ. ಹಿಂದೆ ಹಜಾರದಲ್ಲಿ ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದಳು.

ಖಾಲಾ ಅದನ್ನು ಮರೆಯಲಿಲ್ಲ. ಯಾವಾಗಲಾದರೊಮ್ಮೆ "ಇನ್ನೊಂದಿನ ಬಂತಾ?" ಎಂದು ಕೇಳುತ್ತಿದ್ದರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

ಉಪ್ಪಿನ ವಿಷಯದಲ್ಲಿ ಎರಡೂ ಮನೆಯವರು ಒಪ್ಪುತ್ತಿದ್ದದ್ದು ಒಂದೇ. ಅದನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಗ್ಯಾರಂಟಿ. ನಮ್ಮ ಮನೆಯಲ್ಲಿ ಊಟದ ನಡುವೆ ಅಪ್ಪ ಉಪ್ಪು ಕೇಳಿದರೆ ಅಮ್ಮ ಬಟ್ಟಲನ್ನು ನೆಲದ ಮೇಲೆ ಇಟ್ಟು ತಳ್ಳುತ್ತಿದ್ದಳು. "ನಮಗೇನೇ, ಉಪ್ಪಿಲ್ಲದೇನೂ ಜಗಳ ಆಗುತ್ತೆ," ಎಂದು ಅಪ್ಪ ರೇಗಿಸುತ್ತಿದ್ದರು. ಖಾಲಾ ಮನೆಯಲ್ಲಿ ಒಮ್ಮೆ ಉಪ್ಪು ಮುಗಿದು ಕೇಳಿದಾಗ ಅಮ್ಮ ಚಪ್ಪಡಿಕಲ್ಲಿನ ಮೇಲೆ ಇಟ್ಟು ಕೈ ತೆಗೆದಳು, ಆಮೇಲೆ ಖಾಲಾ ಎತ್ತಿಕೊಂಡರು. "ಕೈಗೆ ಕೈ ಬ್ಯಾಡ ಮೇಷ್ಟ್ರಮ್ಮಾ, ಲಡಾಯಿ ಆಯ್ತದೆ. ನಿಮ್ ಜೊತೆ ಲಡಾಯಿ ಆದ್ರೆ ನಾನ್ ಯಾರ್ ಜೊತೆ ಮಾತಾಡ್ಲಿ?" ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಖಾಲಾ ಮನೆಗೆ ನೆಂಟರು ಬಂದಿದ್ದರು. ಗದ್ದಲವೋ ಗದ್ದಲ. ದೊಡ್ಡ ತಪ್ಪಲೆಯಲ್ಲಿ ಕಚುಂಬರಿ ಆಗುತ್ತಿತ್ತು. ಆ ಗಡಿಬಿಡಿಯಲ್ಲೂ ಖಾಲಾ ಈರುಳ್ಳಿ ಬೆರೆಸುವ ಮೊದಲೇ ನಮ್ಮ ಪಾಲನ್ನು ತೆಗೆದು ನೂರಿಯ ಕೈಯಲ್ಲಿ ಚಪ್ಪಡಿಯ ಮೇಲೆ ಇಡಿಸಿದ್ದರು. ಅಮ್ಮ ಬೋಗುಣಿ ತಂದು ಹಜಾರದಲ್ಲಿಟ್ಟು ಬೇಳೆ ಬಸಿಯಲು ಹೋದಳು. ಅಜ್ಜಿ ಬೋಗುಣಿಯನ್ನು ಇಣುಕಿ ನೋಡಿದಳು.

"ಇದೇನೇ, ಸೌತೇಕಾಯಿ ನೀರು ಬಿಟ್ಟಿದೆ?"

ಅಮ್ಮ ಬಂದು ನೋಡಿದಳು. ತಳದಲ್ಲಿ ನೀರು ನಿಂತಿತ್ತು.

"ಉಪ್ಪು ಬಿದ್ದಿದೆ," ಅಂದಳು ಅಜ್ಜಿ. ಗದರಲೂ ಇಲ್ಲ, ದನಿ ಏರಿಸಲೂ ಇಲ್ಲ. ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು ಅಷ್ಟೆ.

ಅಮ್ಮ ಆ ಬೋಗುಣಿಯನ್ನು ಹಿಡಿದುಕೊಂಡು ನಿಂತೇ ಇದ್ದಳು. ಖಾಲಾ ಕೇಳುತ್ತಿದ್ದ ಇನ್ನೊಂದಿನ ತಾನಾಗಿ ಮನೆಗೆ ಬಂದು ನಿಂತಿದೆ ಎಂದು ನನಗೆ ಕೂಡ ಅನ್ನಿಸಿತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದರೆ ಆಗುತ್ತಿತ್ತು. ಅಮ್ಮ ಹಿತ್ತಲಿಗೆ ಹೋಗಿ, ಹಸುವಿನ ಕಲಗಚ್ಚಿನ ಬಾನಿಗೆ ಅದನ್ನು ಸುರಿದಳು.

ತಲೆ ಎತ್ತಿದರೆ ಗೋಡೆಯಾಚೆ ಖಾಲಾ. ಕೈಯಲ್ಲಿನ್ನೂ ಚಾಕು ಇತ್ತು. ನಗುತ್ತಾ ಬಂದವರ ಮುಖದಲ್ಲಿ ಆ ನಗು ಹಾಗೇ ಉಳಿದುಬಿಟ್ಟಿತ್ತು.

"ಅಚ್ಛಾ ಮಾಡಿದ್ರಿ ಮೇಷ್ಟ್ರಮ್ಮಾ," ಅಂದರು. "ಅದೇ ಹೇಳಾಕ್ ಬಂದೆ. ಮರ್ತು ನಮಕ್ ಬಿದ್ದೋಗಿತ್ತು." ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಒಳಗೆ ಹೋದರು.

ಆಮೇಲೆ ಬಹಳ ದಿನ ಚಪ್ಪಡಿಕಲ್ಲು ಬರಿದಾಗಿತ್ತು. ಅದರ ಮೇಲೆ ಕಾಗೆ ಬಂದು ಕೂರುತ್ತಿತ್ತು. ಅಮ್ಮ ಕೋಸಂಬರಿ ಮಾಡುವುದನ್ನೇ ಬಿಟ್ಟಳು. ರಂಗಮ್ಮ ಬಾಗಿಲಲ್ಲಿ ನಿಂತು "ಯಾಕವ್ವಾ, ಈ ಬೀದೀಲಿ ಯಾರ್ಗೂ ಸೌತೇಕಾಯಿ ಬ್ಯಾಡ್ವಾ?" ಎಂದು ಕೇಳಿ ಹೋಗುತ್ತಿದ್ದಳು. ಅಪ್ಪನಿಗೆ ಹೆಕ್ಕಲು ಹಸಿಮೆಣಸಿನಕಾಯಿ ಇರಲಿಲ್ಲ. ಅಮ್ಮ ಅಜ್ಜಿಯ ಹತ್ತಿರ ಜಗಳವಾಡಲಿಲ್ಲ. ಅವಳು ಜಗಳವಾಡುವವಳೇ ಅಲ್ಲ. ಹಸುವಿಗೆ ಕಲಗಚ್ಚು ಇಡುವಾಗ ಮಾತ್ರ ಬಾನಿಯೊಳಗೆ ನೋಡದೆ ಮುಖ ತಿರುಗಿಸಿಕೊಂಡು ಇಡುತ್ತಿದ್ದಳು. ನಾನು ನೂರಿಯ ಜೊತೆ ಶಾಲೆಗೆ ಹೋಗಿ ಬರುತ್ತಿದ್ದೆ. ಮಕ್ಕಳ ಲೋಕದಲ್ಲಿ ಉಪ್ಪಿನ ತಕರಾರು ಇರಲಿಲ್ಲ. ಅವಳ ಜೇಬಿನ ಹುಣಸೆಹಣ್ಣನ್ನು ಉಪ್ಪಿನ ಸಮೇತ ನಾನು ಎಷ್ಟು ತಿಂದಿದ್ದೇನೋ, ಅಜ್ಜಿಯ ಕಾನೂನಿಗೆ ಅದರ ಸುದ್ದಿ ಹೋಗಿರಲಿಲ್ಲ.

ಆ ವರ್ಷ ರಾಮನವಮಿ ರಂಜಾನ್ ತಿಂಗಳಲ್ಲೇ ಬಂತು. ರಾಮನವಮಿಗೆ ಪಾನಕ, ಕೋಸಂಬರಿ ಮಾಡದೆ ಆಗುತ್ತದೆಯೇ? ಅಮ್ಮ ಬೇಳೆ ನೆನೆಹಾಕಿದಳು. ಪೂಜೆಯಾಯಿತು, ಬಂದವರಿಗೆ ಹಂಚಿದ್ದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅಮ್ಮ ಬೋಗುಣಿಯಲ್ಲಿ ತೆಗೆದಿಟ್ಟಿದ್ದ ಬೇಳೆಯನ್ನೂ ಒಂದು ತಂಬಿಗೆ ಪಾನಕವನ್ನೂ ಚಪ್ಪಡಿಯ ಮೇಲೆ ಇಟ್ಟಳು. ಇಟ್ಟು ಈಚೆ ನಿಂತಳು. ನಾನೇ "ಖಾಲಾ!" ಎಂದು ಕೂಗಿದೆ.

ಖಾಲಾ ಬಂದರು. ಉಪವಾಸದಿಂದ ತುಟಿ ಒಣಗಿತ್ತು. ಪಾನಕ ನೋಡಿದರು, ಬೇಳೆ ನೋಡಿದರು, ಅಮ್ಮನನ್ನು ನೋಡಿದರು.

"ರೋಜಾ ಬಿಡೋ ಹೊತ್ತಿಗೆ ಹೊಟ್ಟೆಗೆ ತಂಪು," ಅಂದಳು ಅಮ್ಮ.

ಖಾಲಾ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ನಮ್ಮ ಬೋಗುಣಿಯಲ್ಲಿ ಸೌತೆಕಾಯಿ, ಅದೇ ಅಕ್ಕಿಕಾಳಿನ ಚೂರು. ಚಪ್ಪಡಿಯ ಮೇಲಿಟ್ಟು, "ನಮಕ್ ಇಲ್ಲ ಮೇಷ್ಟ್ರಮ್ಮಾ. ನೋಡ್ಕೊಂಡೇ ಹಾಕಿಲ್ಲ," ಅಂದರು.

ಹಾಗೆ ಮತ್ತೆ ಶುರುವಾಯಿತು. ಮಾತು, ನಗು ಎಲ್ಲ ಬಂದವು. ಆದರೆ ಖಾಲಾ "ಇನ್ನೊಂದಿನ ಬಂತಾ?" ಎಂದು ಕೇಳುವುದನ್ನು ನಿಲ್ಲಿಸಿದರು. ಅದರ ಬದಲು ಪ್ರತಿಸಲ ಬೋಗುಣಿ ಇಡುವಾಗ "ನಮಕ್ ಇಲ್ಲ ಮೇಷ್ಟ್ರಮ್ಮಾ" ಅನ್ನುತ್ತಿದ್ದರು. ಅದರಲ್ಲಿ ಕೊಂಕು ಇರಲಿಲ್ಲ, ಅಮ್ಮನಿಗೆ ಧೈರ್ಯವಾಗಲಿ ಎಂದು ಅನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ಒಂದು ದಿನ ನನ್ನೊಡನೆ, "ಅವರು ಬೈದಿದ್ರೂ ವಾಸಿಯಾಗಿತ್ತು ಕಣೇ," ಅಂದಳು.

ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಪಾವಗಡಕ್ಕೆ ವರ್ಗವಾಯಿತು. ಹಸುವನ್ನು ಅಮ್ಮನ ತವರಿಗೆ ಕಳಿಸಿಕೊಟ್ಟರು. ಹೊರಡುವ ಬೆಳಿಗ್ಗೆ ಒಲೆ ತಣ್ಣಗಿತ್ತು. ಪಾತ್ರೆ, ಪೆಟ್ಟಿಗೆ, ಈಳಿಗೆಮಣೆ, ಉಪ್ಪಿನ ಮರಿಗೆ ಎಲ್ಲ ಎತ್ತಿನ ಗಾಡಿ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದವು. ಅಜ್ಜಿ ಜಗಲಿಯ ಮೇಲೆ ಗಂಟು ಹಿಡಿದು ಕೂತಿದ್ದಳು. ಬರಿದಾದ ಮನೆಯಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗೇ ಹೊಸದಾಗಿ ಕೇಳುತ್ತಿತ್ತು.

"ಮೇಷ್ಟ್ರಮ್ಮಾ," ಎಂದು ಖಾಲಾ ಹಿತ್ತಲಿಂದ ಕರೆದರು.

ಹೋದೆವು. ಚಪ್ಪಡಿಯ ಮೇಲೆ ಅವರದೇ ಬೋಗುಣಿ. ಅದರಲ್ಲಿ ಸೌತೆಕಾಯಿಯಷ್ಟೇ ಅಲ್ಲ, ತೆಂಗಿನತುರಿ, ಕೊತ್ತಂಬರಿ, ಅದೆಲ್ಲಿಂದ ತರಿಸಿದ್ದರೋ ದಾಳಿಂಬೆ ಕಾಳು. ಮಧುಗಿರಿಯ ಕೋಸಂಬರಿಯ ಬಗ್ಗೆ ಅಮ್ಮ ಅಷ್ಟು ಕೊರೆದಿದ್ದಳು. ಬೇಳೆಯನ್ನೂ ಅವರೇ ನೆನೆಹಾಕಿದ್ದರು. "ನಿಮ್ ಅಡುಗೆಮನೆ ಎಲ್ಲ ಕಟ್ಟಿಬಿಟ್ರಲ್ಲಾ, ಬೇಳೆ ಯಾರ್ ನೆನೆಸ್ತಾರೆ ಅಂತ ನಾನೇ ನೆನೆಸ್ದೆ. ನಿಮ್ಮಂಗೆ ಹದ ಬಂದಿಲ್ಲ. ನಿಮಗೆ ಆಗ್ದಿದ್ರೆ ಪದ್ದಿ ತಿನ್ಲಿ." ಕಡೆಗೆ ಅಭ್ಯಾಸಬಲದಿಂದ ಹೇಳಿದರು: "ನಮಕ್ ಇಲ್ಲ ಮೇಷ್ಟ್ರಮ್ಮಾ."

ಅಮ್ಮ ಬೋಗುಣಿಯನ್ನು ನೋಡಿದಳು. ಹಜಾರದ ಕಡೆ ನೋಡಿದಳು. ಅಲ್ಲಿಂದ ನೇರಕ್ಕೆ ಜಗಲಿಯ ಮೇಲೆ ಅಜ್ಜಿಯ ಬೆನ್ನು ಕಾಣುತ್ತಿತ್ತು.

"ನಮಕ್ ಕೊಡಿ ಬೀಬಮ್ಮನೋರೇ," ಅಂದಳು ಅಮ್ಮ.

ಖಾಲಾಗೆ ಅರ್ಥವಾಗಲಿಲ್ಲ. ಅಮ್ಮನ ಬಾಯಲ್ಲಿ ಆ ಮಾತನ್ನು ನಾನೂ ಯಾವತ್ತೂ ಕೇಳಿರಲಿಲ್ಲ.

"ನಮ್ಮ ಉಪ್ಪಿನ ಮರಿಗೆ ಗಾಡೀಲಿ ಹೋಯ್ತು. ನಿಮ್ಮ ಮನೇದೇ ಕೊಡಿ. ಉಪ್ಪಿಲ್ದೆ ಹೆಂಗೆ ತಿನ್ನಲಿ?"

ಖಾಲಾ ಓಡಿದರು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ. ಮುಷ್ಟಿಯಲ್ಲಿ ಹರಳುಪ್ಪು ಹಿಡಿದು ಬಂದು ಚಪ್ಪಡಿಯ ಮೇಲೆ ಇಡಲು ಬಗ್ಗಿದರು. ಅಮ್ಮ ಗೋಡೆಯ ಮೇಲಿಂದ ಅಂಗೈ ಚಾಚಿದಳು.

"ಅರೆ, ಕೈಗೆ ಕೈ ಬ್ಯಾಡ! ಲಡಾಯಿ ಆಯ್ತದೆ!"

"ಆಗಲಿ ಬಿಡಿ," ಅಂದಳು ಅಮ್ಮ. "ಜಗಳ ಆಡೋಕಾದ್ರೂ ಪಾವಗಡಕ್ಕೆ ಬರ್ತೀರಲ್ಲ."

ಖಾಲಾ ಅಮ್ಮನ ಅಂಗೈಯಲ್ಲಿ ಉಪ್ಪು ಇಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಇಬ್ಬರೂ ಅತ್ತರು. ಆಮೇಲೆ ಅಮ್ಮ ಹರಳನ್ನು ಬೆರಳಲ್ಲಿ ಪುಡಿಮಾಡಿ ಕಲಸಿ, ನಿಂತುಕೊಂಡೇ ತಿಂದಳು. ಬೇಳೆ ಸ್ವಲ್ಪ ಗಟ್ಟಿಯಾಗಿತ್ತು. ನಾನೂ ತಿಂದೆ, ಅದಕ್ಕೇ ಗೊತ್ತು. ಅಮ್ಮ ಮಾತ್ರ ಒಂದು ಕಾಳನ್ನೂ ಬಿಡಲಿಲ್ಲ. "ಈಗ ಗೊತ್ತಾಯ್ತು ಕೈ ರುಚಿ," ಅಂದಳು. ಖಾಲಾ ಚಾಕು ತಗುಲಿ ತಗುಲಿ ಗೀರು ಬಿದ್ದಿದ್ದ ಎಡಗೈಯಿಂದ ಕಣ್ಣೊರೆಸಿಕೊಂಡು ನಕ್ಕರು.

ಬಸ್ಸು ಊರು ಬಿಟ್ಟು ಬಹಳ ದೂರ ಬಂದ ಮೇಲೆ, ಅಜ್ಜಿ ಕಿಟಕಿಯ ಕಡೆಗೇ ಮುಖಮಾಡಿಕೊಂಡು ಕೇಳಿದಳು: "ಉಪ್ಪು ಸರಿಯಾಗಿತ್ತೇನೇ?"

ಅಮ್ಮ ಬೆಚ್ಚಿದಳು. ಆಮೇಲೆ ಮೆಲ್ಲಗೆ, "ಹದವಾಗಿತ್ತು ಅತ್ತೆ," ಅಂದಳು.

"ಹೂಂ," ಎಂದು ಅಜ್ಜಿ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದಳು.

ಪಾವಗಡದಲ್ಲೂ ಸೌತೆಕಾಯಿ ಸಿಗುತ್ತಿತ್ತು. ಅಲ್ಲೇ ಆಂಧ್ರದ ಗಡಿಯಲ್ಲಿರುವ ಹೊಸಕೋಟೆ ಕಡೆಯಿಂದ ಬರುತ್ತಿದ್ದಾಕೆ "ದೋಸಕಾಯಲು ತೀಸ್ಕೋಮ್ಮಾ, ಎಳೇವು!" ಎಂದು ತೆಲುಗು ಕನ್ನಡ ಎರಡೂ ಭಾಷೆಯಲ್ಲಿ ಕೂಗುತ್ತಿದ್ದಳು. ಅಮ್ಮ ಕೊಳ್ಳುತ್ತಿದ್ದಳು. ಖಾಲಾರ ಹಾಗೆ ಕೈಯಲ್ಲೇ ಗೀರಲು ಹೋಗಿ ಬೆರಳು ಕೊಯ್ದುಕೊಂಡು, ಮತ್ತೆ ಈಳಿಗೆಮಣೆಗೆ ಶರಣಾದಳು. ಕೋಸಂಬರಿ ಕಲಸಿ ಉಪ್ಪಿಗೆ ಕೈ ಚಾಚಿದವಳು ನಡುವೆ ನಿಂತು ಹಿತ್ತಲ ಕಡೆ ನೋಡುತ್ತಿದ್ದಳು. ನನ್ನ ಕೈಗೆ ಈ ರೋಗ ಅಂಟಿದ್ದು ಅಲ್ಲಿಂದ. "ಇನ್ನೂ ಜಗಳಕ್ಕೆ ಬರ್ಲಿಲ್ಲವಲ್ಲೇ ನಿನ್ನ ಖಾಲಾ," ಎಂದು ನಗುತ್ತಿದ್ದಳು. ಮೊದಮೊದಲು ತಮಾಷೆಗೇ ಅನ್ನುತ್ತಿದ್ದಳು. ಬರಬರುತ್ತಾ ಆ ಮಾತಿನಲ್ಲಿ ತಮಾಷೆ ಕಡಿಮೆಯಾಯಿತು. ಶಿರಾ ಏನು ಸಮುದ್ರದಾಚೆ ಇತ್ತೇ? ಆದರೆ ಆಗಿನ ಹೆಂಗಸರಿಗೆ ಮದುವೆ, ಬಾಣಂತನ, ಸಾವು ಬಿಟ್ಟು ಬೇರೆ ಕಾರಣಕ್ಕೆ ಬಸ್ಸು ಹತ್ತುವುದು ಗೊತ್ತಿರಲಿಲ್ಲ. ಕೋಸಂಬರಿಗಾಗಿ ಹೋಗಿ ಬರುತ್ತೇನೆ ಎಂದು ಯಾರಿಗೆ ಹೇಳುವುದು?

ಅಂಥ ಕಾರಣವೊಂದು ಸಿಕ್ಕಿದ್ದು ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಚಿಕ್ಕಮ್ಮನ ಮಗಳ ಮದುವೆಗೆ ಅಮ್ಮನೂ ನಾನೂ ಹೊರಟಿದ್ದೆವು. ಶಿರಾದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಇಳಿದದ್ದೇ ಅಮ್ಮ ಚೀಲವನ್ನು ಎದೆಗವಚಿಕೊಂಡು ನನ್ನನ್ನು ಎಳೆದುಕೊಂಡೇ ನಡೆದಳು. ಮಸೀದಿ ದಾಟಿ, ಹಿಂದಿನ ಬೀದಿಗೆ ತಿರುಗಿದರೆ ನಮ್ಮ ಮನೆ ಇತ್ತು. ಪಕ್ಕದ ಬಾಗಿಲು ತೆರೆದವಳು ಯಾರೋ ಗುರುತಿಲ್ಲದ ಹೆಂಗಸು. ಕಲಾಯಿ ಸಾಬರ ಮನೆಯವರು ಊರು ಬಿಟ್ಟು ಬಹಳ ಕಾಲವಾಯಿತು, ಎಲ್ಲಿಗೆ ಎಂದು ತಿಳಿಯದು ಅಂದಳು. ಅವಳ ಭುಜದ ಮೇಲಿಂದ ಹಿತ್ತಲು ಕಾಣುತ್ತಿತ್ತು. ಮೋಟುಗೋಡೆಯನ್ನು ಎತ್ತರಿಸಿಬಿಟ್ಟಿದ್ದರು. ಚಪ್ಪಡಿಕಲ್ಲು ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ವಾಪಸು ಬಂದು ಬೆಂಚಿನ ಮೇಲೆ ಕೂತೆವು. ಅಮ್ಮ ಚೀಲದಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ನೆನೆದ ಹೆಸರುಬೇಳೆ. ಬೆಳಿಗ್ಗೆ ಅವಳು ಅದನ್ನು ಕಟ್ಟಿಕೊಂಡಾಗ ದಾರಿಗೆ ಬೇಕೆಂದು ಕಟ್ಟಿಕೊಂಡಳು ಅಂತಲೇ ನಾನು ತಿಳಿದಿದ್ದೆ. ಹದ ಸರಿಯಾಗಿತ್ತು. ಇಬ್ಬರೂ ಒಂದೊಂದೇ ಹಿಡಿ ತೆಗೆದುಕೊಂಡು ತಿಂದೆವು. ಉಪ್ಪಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಬಟ್ಟೆಯನ್ನು ಕೊಡವಿ ಮಡಿಸುತ್ತಾ ಅಂದಳು: "ಕೈಯಿಂದ ಕೈಗೆ ಉಪ್ಪು ಕೊಟ್ರೆ ಜಗಳ ಆಗುತ್ತೆ ಅಂತಾರಲ್ಲ, ಎಲ್ಲ ಸುಳ್ಳು ಕಣೇ ಪದ್ದಿ."